ಹುರಿದ ಮೀನು, ಓದಿದ ಕಾಲೇಜು: ಇಂಗ್ಲಿಷಿನ ಮೂರನೇ ರೂಪವನ್ನು ನಾಮಪದಕ್ಕೆ ಜೋಡಿಸುವುದು ಹೇಗೆ?

ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಂದು ಸಣ್ಣ ಡಿಟಿಪಿ ಅಂಗಡಿಯಲ್ಲಿ ನನ್ನ ಕೆಲಸ. ಮದುವೆ ಕಾಗದ, ಬಯೋಡೇಟಾ, ಹೋಟೆಲಿನ ಮೆನು ಕಾರ್ಡು, ಅಂಗಡಿ ಬೋರ್ಡು, ಎಲ್ಲವೂ ನಮ್ಮಲ್ಲಿಗೆ ಬರುತ್ತವೆ. ಟೈಪ್ ಮಾಡುವುದಕ್ಕಿಂತ ತಿದ್ದುವ ಕೆಲಸವೇ ಜಾಸ್ತಿ.

ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದ ಹೊತ್ತಿನಲ್ಲಿ, ಮಲ್ಪೆ ಕಡೆಯ ಒಬ್ಬ ಹೋಟೆಲ್ ಯಜಮಾನರು ಮೆನು ಬರೆದ ಕಾಗದ ಹಿಡಿದು ಬಂದರು. ಅದರಲ್ಲಿ ಹೀಗಿತ್ತು: ಫ್ರೈ ಫಿಶ್. ಬಾಯ್ಲ್ ಎಗ್. ಗ್ರೈಂಡೆಡ್ ಮಸಾಲಾ ಕರಿ. ಟುಡೇ ಕಾಟ್ ಫಿಶ್. ಚಿಕನ್ ಘೀ ರೋಸ್ಟ್. ಬಾಯ್ಲ್ಡ್ ರೈಸ್.

ಆರರಲ್ಲಿ ನಾಲ್ಕು ತಪ್ಪು ಅಂದೆ.

"ಎಲ್ಲಿ ತಪ್ಪು ಉಂಟು ಮಾರಾಯ್ರೆ? ಗಿರಾಕಿಗಳಿಗೆ ಅರ್ಥ ಆಗ್ತದಲ್ಲ?" ಅಂದರು.

ಅರ್ಥ ಆಗುತ್ತದೆ, ನಿಜ. ಆದರೆ ನಾಲ್ಕೂ ತಪ್ಪು ಒಂದೇ ಕಡೆಯಿಂದ ಬಂದದ್ದು. ಶಾಲೆಯಲ್ಲಿ ಅದಕ್ಕೆ ಪಾಸ್ಟ್ ಪಾರ್ಟಿಸಿಪಲ್ ಅನ್ನುತ್ತಿದ್ದರು, ಮಕ್ಕಳು ವಿ-ತ್ರೀ ಅನ್ನುತ್ತಾರೆ, ನಾನು ಇಲ್ಲಿ ಮೂರನೇ ರೂಪ ಅನ್ನುತ್ತೇನೆ. ಇದನ್ನು ನಾಮಪದದ ಜೊತೆ, ವಿಶೇಷಣದ ಜೊತೆ ಕೂಡಿಸುವುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಮೂರನೇ ರೂಪ ಬಾಯಿಗೆ ಬರಲಿ

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದು ಬರೀ ಬಾಯಿಪಾಠ. ಹೆಚ್ಚಿನ ಕ್ರಿಯಾಪದಗಳಿಗೆ ಕೊನೆಯಲ್ಲಿ ಇ-ಡಿ ಸೇರಿಸಿದರೆ ಸಾಕು. ಫ್ರೈ, ಫ್ರೈಡ್. ಬಾಯ್ಲ್, ಬಾಯ್ಲ್ಡ್. ಇನ್ನು ಕೆಲವು ತಮ್ಮದೇ ದಾರಿ ಹಿಡಿಯುತ್ತವೆ: ಬ್ರೇಕ್, ಬ್ರೋಕ್, ಬ್ರೋಕನ್. ಫ್ರೀಜ್, ಫ್ರೋಜ್, ಫ್ರೋಜನ್. ಕಟ್, ಶಟ್, ಪುಟ್ ಮುಂತಾದವು ಮೂರೂ ರೂಪದಲ್ಲಿ ಹಾಗೇ ಇರುತ್ತವೆ. ಹಾಗಾಗಿ ಹಣ್ಣಿನ ಗಾಡಿಯಲ್ಲಿ "ಕಟ್ ಫ್ರೂಟ್ಸ್" ಅಂತ ಬರೆದಿದ್ದರೆ ಅದು ಪೂರ್ತಿ ಸರಿ. "ಕಟೆಡ್" ಅನ್ನುವ ಪದವೇ ಇಲ್ಲ.

ಒಂದು ಪದದ ಬಗ್ಗೆ ಮಾತ್ರ ಎಚ್ಚರ. ಗ್ರೈಂಡ್‌ಗೆ ಮೂರನೇ ರೂಪ ಗ್ರೌಂಡ್. ಕಡೆದ ಮಸಾಲೆಗೆ ಇಂಗ್ಲಿಷಿನಲ್ಲಿ "ಗ್ರೌಂಡ್ ಮಸಾಲಾ". ಯಜಮಾನರಿಗೆ ಇದು ಸಮಾಧಾನ ಆಗಲಿಲ್ಲ. "ಗ್ರೌಂಡ್ ಅಂದರೆ ನೆಹರೂ ಮೈದಾನ ಅಲ್ವಾ?" ಅಂದರು. ಅದೂ ಹೌದು, ಇದೂ ಹೌದು. ಬರೆಯುವ ಅಕ್ಷರವೂ ಒಂದೇ.

ಇನ್ನು "ಫ್ರೈ ಫಿಶ್" ಯಾಕೆ ಹುಟ್ಟುತ್ತದೆ ಅಂದರೆ, ಕಿವಿ ಮೋಸ ಮಾಡುತ್ತದೆ. ಇ-ಡಿ ಎಲ್ಲ ಕಡೆ ಒಂದೇ ರೀತಿ ಕೇಳುವುದಿಲ್ಲ. ಟ್ ಅಥವಾ ಡ್ ಆದಮೇಲೆ ಬಂದರೆ ಮಾತ್ರ ಪೂರ್ತಿ "ಇಡ್" ಕೇಳುತ್ತದೆ: ಸಾಲ್ಟೆಡ್, ರೋಸ್ಟೆಡ್. ಕ್, ಪ್, ಫ್, ಸ್, ಶ್, ಚ್ ಆದಮೇಲೆ ಅದು ಬರೀ ಟ್: ಕುಕ್ಟ್, ಚಾಪ್ಟ್, ಮ್ಯಾಶ್ಟ್. ಉಳಿದ ಕಡೆ ಬರೀ ಡ್. ಮುಂದಿನ ಪದ ವ್ಯಂಜನದಿಂದ ಶುರುವಾದರೆ ಆ ಸಣ್ಣ ಟ್, ಡ್ ನುಂಗಿಹೋಗುತ್ತದೆ. "ಮ್ಯಾಶ್ಟ್ ಪೊಟ್ಯಾಟೋ" ಅನ್ನುವುದು "ಮ್ಯಾಶ್ ಪೊಟ್ಯಾಟೋ" ಅಂತ ಕೇಳುತ್ತದೆ. ಹುಟ್ಟಾ ಇಂಗ್ಲಿಷ್ ಮಾತಾಡುವವರೂ ನುಂಗುತ್ತಾರೆ. ಮಾತಿನಲ್ಲಿ ನುಂಗಿದರೆ ಪರವಾಗಿಲ್ಲ, ಬರೆಯುವಾಗ ಇ-ಡಿ ಬೇಕು.

ಹೆಜ್ಜೆ 2: "ಅಲ್ಪಟ್ಟ" ಹಾಕಿ ನೋಡಿ

ಇಡೀ ವಿಷಯದ ತಿರುಳು ಇಲ್ಲಿದೆ. ಬೇರೆ ಯಾವುದು ಮರೆತರೂ ಇದೊಂದು ನೆನಪಿಡಿ.

ಹುರಿದ ಮೀನು, ಬೇಯಿಸಿದ ಮೊಟ್ಟೆ, ಮುರಿದ ಕುರ್ಚಿ. ಕನ್ನಡದ ಈ ಹುರಿದ, ಬೇಯಿಸಿದ, ಮುರಿದ ಅನ್ನುವ ಪದಗಳು ಇಂಗ್ಲಿಷಿನ ಮೂರನೇ ರೂಪದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಹೈಸ್ಕೂಲಿನಲ್ಲಿ ಕೃದಂತ ಅಂತ ಓದಿದ್ದು ಇವನ್ನೇ. ಹಾಗೆ ಕಾಣುವುದರಿಂದಲೇ ತೊಂದರೆ. ಕನ್ನಡದ ಈ ರೂಪ ಬಹಳ ಧಾರಾಳಿ. ನೋಡಿ:

ಬೆಕ್ಕು ತಿಂದ ಮೀನು. ಇಲ್ಲಿ ಮೀನು ಬೆಕ್ಕಿನ ಹೊಟ್ಟೆ ಸೇರಿದೆ.
ಮೀನು ತಿಂದ ಬೆಕ್ಕು. ಇಲ್ಲಿ ತಿಂದದ್ದು ಬೆಕ್ಕು.
ಮೀನು ಕತ್ತರಿಸಿದ ಕತ್ತಿ. ಕತ್ತಿ ಬರೀ ಸಾಧನ.
ಮೀನು ಇಟ್ಟ ಬುಟ್ಟಿ. ಬುಟ್ಟಿ ಬರೀ ಜಾಗ.
ಮೀನು ತಂದ ದಿನ. ಅದು ಸಮಯ.

ಮಾಡಿದವನು, ಮಾಡಿಸಿಕೊಂಡದ್ದು, ಸಾಧನ, ಜಾಗ, ದಿನ, ಯಾವುದರ ಮುಂದೆ ಬೇಕಾದರೂ ನಾವು ಇದನ್ನು ನಿಲ್ಲಿಸುತ್ತೇವೆ. ನಮಗೆ ಗೊಂದಲವೇ ಆಗುವುದಿಲ್ಲ.

ಇಂಗ್ಲಿಷಿಗೆ ಅಷ್ಟು ಧಾರಾಳತನ ಇಲ್ಲ. ಕರ್ಮ ಬೇಡುವ ಕ್ರಿಯಾಪದವಾದರೆ, ಅದರ ಮೂರನೇ ರೂಪ ಕೆಲಸ ಯಾರ ಮೇಲೆ ನಡೆಯಿತೋ ಆ ನಾಮಪದದ ಮುಂದೆ ಮಾತ್ರ ನಿಲ್ಲುತ್ತದೆ. "ಹಾಫ್-ಈಟನ್ ಫಿಶ್" ಅಂದರೆ ಅರ್ಧ ತಿಂದು ಬಿಟ್ಟ ಮೀನು. ಅದೇ ಮೀನು ತಿಂದ ಬೆಕ್ಕು ಅನ್ನಲು ಹೋಗಿ "ಈಟನ್ ಕ್ಯಾಟ್" ಅಂದಿರೋ, ಯಾರೋ ಪಾಪದ ಬೆಕ್ಕನ್ನೇ ತಿಂದುಬಿಟ್ಟರು ಅಂತ ಆಯಿತು.

ನಮ್ಮಲ್ಲಿಗೆ ಬರುವ ಬಯೋಡೇಟಾಗಳಲ್ಲಿ "ಮೈ ಸ್ಟಡೀಡ್ ಕಾಲೇಜ್", "ಮೈ ವರ್ಕ್ಟ್ ಕಂಪನಿ" ಅಂತ ಇರುತ್ತದೆ. ನಾನು ಓದಿದ ಕಾಲೇಜು, ನಾನು ಕೆಲಸ ಮಾಡಿದ ಕಂಪನಿ ಅನ್ನುವುದು ಹಾಗೇ ಇಳಿದು ಬಂದಿದೆ. ಕಾಲೇಜು ಜಾಗ. ಅದನ್ನು ಯಾರೂ ಓದಲಿಲ್ಲ, ಅದರೊಳಗೆ ಕೂತು ಓದಿದರು. ಇಂಥ ಕಡೆ ಮೂರನೇ ರೂಪದ ಆಸೆ ಬಿಟ್ಟು ಇಡೀ ವಾಕ್ಯ ಬಿಡಿಸಿ ಬರೆಯಬೇಕು: "ದಿ ಕಾಲೇಜ್ ವೇರ್ ಐ ಸ್ಟಡೀಡ್".

ಪರೀಕ್ಷೆ ಮಾಡಲು ಒಂದು ಸುಲಭ ಉಪಾಯ ಉಂಟು. ಕನ್ನಡದಲ್ಲಿ "ಅಲ್ಪಟ್ಟ" ಅನ್ನುವ ರೂಪ ಇದೆಯಲ್ಲ, ಯಾರೂ ಬಾಯಿಮಾತಿನಲ್ಲಿ ಆಡದೆ ಸರ್ಕಾರಿ ಸುತ್ತೋಲೆಯಲ್ಲಿ ಮಾತ್ರ ಬಳಸುವ ಅದು. ಈ ಕೆಲಸಕ್ಕೆ ಮಾತ್ರ ಅದು ಬಹಳ ಒಳ್ಳೆಯದು. ಹುರಿಯಲ್ಪಟ್ಟ ಮೀನು: ಕೇಳಲು ಕೆಟ್ಟದಾಗಿದೆ, ಆದರೆ ಅರ್ಥ ಸರಿ. ಹಾಗಾದರೆ ಫ್ರೈಡ್ ಫಿಶ್ ಸರಿ. ಓದಲ್ಪಟ್ಟ ಕಾಲೇಜು: ಅರ್ಥವೇ ಇಲ್ಲ. ಹಾಗಾದರೆ ಸ್ಟಡೀಡ್ ಕಾಲೇಜ್ ತಪ್ಪು.

ಕರ್ಮ ಬೇಡದ ಕ್ರಿಯಾಪದಗಳ ಕಥೆ ಬೇರೆ. ಬೀಳು, ನಗು, ಓಡು, ಬಾ, ಇವುಗಳಿಗೆ ಅಲ್ಪಟ್ಟ ಹತ್ತುವುದೇ ಇಲ್ಲ. ಇಲ್ಲಿ ಇನ್ನೊಂದು ಪ್ರಶ್ನೆ ಕೇಳಿ: ಕೆಲಸ ಮುಗಿದಮೇಲೆ ಸ್ಥಿತಿ ಬದಲಾಗಿ ಹಾಗೇ ಉಳಿಯಿತೇ? ಎಲೆ ಬಿದ್ದಮೇಲೆ ಬಿದ್ದೇ ಇರುತ್ತದೆ, ಹಾಗಾಗಿ "ಫಾಲನ್ ಲೀವ್ಸ್". ಮೇಷ್ಟ್ರು ನಿವೃತ್ತರಾದಮೇಲೆ ನಿವೃತ್ತರೇ, ಹಾಗಾಗಿ "ರಿಟೈರ್ಡ್ ಟೀಚರ್". ಬಣ್ಣ ಮಾಸಿದ ಅಂಗಿ "ಫೇಡೆಡ್ ಶರ್ಟ್". ಆದರೆ ಮಗು ನಕ್ಕಿತು, ನಗು ನಿಂತಿತು, ಮಗು ಮೊದಲಿನ ಹಾಗೇ ಇದೆ. "ಲಾಫ್ಟ್ ಚೈಲ್ಡ್" ಅನ್ನಲು ಬರುವುದಿಲ್ಲ. ಬಂದ ಅತಿಥಿ ನಡುವೆ ಸಿಕ್ಕಿಬಿದ್ದವನು. "ಅರೈವ್ಡ್ ಗೆಸ್ಟ್" ತಪ್ಪು, "ನ್ಯೂಲಿ ಅರೈವ್ಡ್ ಗೆಸ್ಟ್" ಸರಿ. ಇದಕ್ಕೆ ಪಕ್ಕಾ ನಿಯಮ ನನಗಂತೂ ಸಿಕ್ಕಿಲ್ಲ, ಕಿವಿಗೆ ರೂಢಿ ಆಗಬೇಕು ಅಷ್ಟೆ.

ಹೆಜ್ಜೆ 3: ಮೊದಲು ಬರಬೇಕೋ, ಆಮೇಲೆ ಬರಬೇಕೋ?

ಕ್ರಿಯೆಯ ಪದ ನಾಮಪದಕ್ಕಿಂತ ಮೊದಲು ಬಂದರೆ ಮೂರನೇ ರೂಪ ಬೇಕು: ಫ್ರೈಡ್ ಫಿಶ್. ಅದೇ ಪದ ಕೊನೆಗೆ ಹೋಗಿ ಕೂತರೆ ಅದೇ ನಾಮಪದ ಆಗಿಬಿಡುತ್ತದೆ, ಆಗ ಇ-ಡಿ ಬೇಡ: ಫಿಶ್ ಫ್ರೈ, ತವಾ ಫ್ರೈ, ಅಂಜಲ್ ರವಾ ಫ್ರೈ. ಹಾಗಾಗಿ "ಫಿಶ್ ಫ್ರೈ" ಸರಿ, "ಫ್ರೈಡ್ ಫಿಶ್" ಸರಿ, "ಫ್ರೈ ಫಿಶ್" ಮಾತ್ರ ತಪ್ಪು.

ಇದು ಗೊತ್ತಿಲ್ಲದ ಕಾಲದಲ್ಲಿ ನಾನೇ ಒಂದು ಹೋಟೆಲಿನ ಮೆನುವಿನಲ್ಲಿ "ಚಿಕನ್ ಘೀ ರೋಸ್ಟ್" ಇದ್ದದ್ದನ್ನು ಜಾಣತನ ತೋರಿಸಿ "ಚಿಕನ್ ಘೀ ರೋಸ್ಟೆಡ್" ಮಾಡಿ ನೂರು ಕಾರ್ಡು ಅಚ್ಚು ಹಾಕಿಸಿಬಿಟ್ಟೆ. ಘೀ ರೋಸ್ಟಿನ ತವರು ಕುಂದಾಪುರದವರು ಯಾರಾದರೂ ಓದಿದ್ದರೆ ನನ್ನನ್ನೇ ತುಪ್ಪದಲ್ಲಿ ಹುರಿಯುತ್ತಿದ್ದರು. ರೋಸ್ಟ್ ಅಲ್ಲಿ ಪದಾರ್ಥದ ಹೆಸರು. ಆ ನೂರು ಕಾರ್ಡಿನ ಖರ್ಚು ನನ್ನ ತಲೆಗೇ ಬಂತು. ಅಂದಹಾಗೆ "ರೋಸ್ಟ್ ಚಿಕನ್" ಅನ್ನುವುದೂ ಸರಿಯೇ. ರೋಸ್ಟ್ ಹಳೇ ಕಾಲದಿಂದ ಇ-ಡಿ ಇಲ್ಲದೆಯೇ ವಿಶೇಷಣವಾಗಿ ಉಳಿದುಕೊಂಡಿದೆ. ಬಾಯ್ಲ್‌ಗೆ, ಫ್ರೈಗೆ ಆ ಸವಲತ್ತು ಇಲ್ಲ.

ಈಗ ಯಜಮಾನರ "ಟುಡೇ ಕಾಟ್ ಫಿಶ್". ಕನ್ನಡದಲ್ಲಿ ಎಷ್ಟು ಉದ್ದದ ಬಾಲ ಇದ್ದರೂ ಎಲ್ಲ ನಾಮಪದದ ಮೊದಲೇ ಬರುತ್ತದೆ. ಇವತ್ತು ಬೆಳಗ್ಗೆ ಮಲ್ಪೆಯಲ್ಲಿ ಹಿಡಿದ ಮೀನು. ಇಂಗ್ಲಿಷಿನಲ್ಲಿ ಮೂರನೇ ರೂಪಕ್ಕೆ ಎಲ್ಲಿ, ಯಾವಾಗ, ಯಾರಿಂದ ಅನ್ನುವ ಬಾಲ ಹತ್ತಿದರೆ ಅದು ನಾಮಪದ ಆದಮೇಲೆ ಹೋಗಬೇಕು: "ಫಿಶ್ ಕಾಟ್ ಟುಡೇ". "ಫಿಶ್ ಕಾಟ್ ಇನ್ ಮಲ್ಪೆ ದಿಸ್ ಮಾರ್ನಿಂಗ್". ಕಾಪುವಿನ ದೀಪಸ್ತಂಭ 1901ರಲ್ಲಿ ಕಟ್ಟಿದ್ದು. ಅದು "ಬಿಲ್ಟ್ ಇನ್ 1901 ಲೈಟ್‌ಹೌಸ್" ಆಗುವುದಿಲ್ಲ, "ದಿ ಲೈಟ್‌ಹೌಸ್ ಬಿಲ್ಟ್ ಇನ್ 1901" ಆಗುತ್ತದೆ. ಬಾಲ ಬೇಡ, ಮೊದಲೇ ಬರಬೇಕು ಅಂದರೆ ಒಂದೇ ಪದದಲ್ಲಿ ಮುಗಿಸಿ: "ಫ್ರೆಶ್ಲಿ ಕಾಟ್ ಫಿಶ್".

ಕೆಲವು ಪದಗಳು ಜಾಗ ಬದಲಾಯಿಸಿದರೆ ಅರ್ಥವನ್ನೇ ಬದಲಾಯಿಸುತ್ತವೆ. ಅರ್ಜಿಗಳಲ್ಲಿ "ದಿ ಕನ್ಸರ್ನ್ಡ್ ಆಫೀಸರ್" ಅಂತ ಎಲ್ಲರೂ ಬರೆಯುತ್ತೇವೆ. ಭಾರತದೊಳಗೆ ನಡೆಯುತ್ತದೆ. ಹೊರಗಿನವರು ಓದಿದರೆ ಚಿಂತೆಯಲ್ಲಿ ಮುಳುಗಿದ ಅಧಿಕಾರಿ ಅಂತ ತಿಳಿಯುತ್ತಾರೆ. ಸಂಬಂಧಪಟ್ಟ ಅಧಿಕಾರಿಗೆ "ದಿ ಆಫೀಸರ್ ಕನ್ಸರ್ನ್ಡ್". ಹಾಗೇ "ಯೂಸ್ಡ್ ಕಾರ್" ಅಂದರೆ ಸೆಕೆಂಡ್ ಹ್ಯಾಂಡ್ ಕಾರು, "ದಿ ಕಾರ್ ಯೂಸ್ಡ್" ಅಂದರೆ ಆ ಕೆಲಸಕ್ಕೆ ಬಳಸಿದ ಕಾರು.

ಹೆಜ್ಜೆ 4: ನಾಮಪದ + ಮೂರನೇ ರೂಪ

ಇದು ನನಗೆ ಬಹಳ ಇಷ್ಟದ ಭಾಗ, ಏಕೆಂದರೆ ನಮ್ಮ ಸಮಾಸ ಪಾಠ ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ.

"ಎ ಮೇಡ್ ಬ್ಯಾಗ್" ಅಂತ ಯಾರೂ ಅನ್ನುವುದಿಲ್ಲ. ಚೀಲ ಅಂದಮೇಲೆ ಯಾರೋ ಮಾಡಿದ್ದೇ ಅಲ್ವಾ, ಅದರಲ್ಲಿ ಹೊಸ ಸುದ್ದಿ ಏನಿದೆ? "ಹ್ಯಾಂಡ್‌ಮೇಡ್ ಬ್ಯಾಗ್" ಅಂದರೆ ಸುದ್ದಿ. ಮಾಡು, ಕಟ್ಟು, ಬೆಳೆ ಇಂಥ ಮಾಮೂಲಿ ಕ್ರಿಯಾಪದಗಳಿಗೆ ಇನ್ನೊಂದು ಪದ ಜೊತೆಗೆ ಬೇಕೇ ಬೇಕು.

ಜೋಡಿಸುವುದು ಹೇಗೆ? ತತ್ಪುರುಷ ಸಮಾಸದಲ್ಲಿ ಮೊದಲ ಪದದ ವಿಭಕ್ತಿ ಪ್ರತ್ಯಯ ಬಿದ್ದುಹೋಗುತ್ತದೆ ಅಂತ ಓದಿದ್ದೇವಲ್ಲ, ಇಲ್ಲೂ ಅದೇ. ಇಂಗ್ಲಿಷಿನ ಬೈ, ವಿತ್, ಇನ್ ಇಂಥವು ಬಿದ್ದುಹೋಗುತ್ತವೆ. ಬಿಡಿಸುವಾಗ ಕನ್ನಡದ ಪ್ರತ್ಯಯ ಹಾಕಿ ನೋಡಿ:

ಹ್ಯಾಂಡ್-ವೋವನ್ ಸ್ಯಾರಿ: ಕೈಯಿಂದ ನೇಯ್ದ ಸೀರೆ.
ಸನ್-ಡ್ರೈಡ್ ಫಿಶ್: ಬಿಸಿಲಿನಲ್ಲಿ ಒಣಗಿಸಿದ ಮೀನು.
ಸ್ಟೋನ್-ಗ್ರೌಂಡ್ ಮಸಾಲಾ: ಕಡೆಯುವ ಕಲ್ಲಿನಲ್ಲಿ ಕಡೆದ ಮಸಾಲೆ.
ಶುಗರ್-ಕೋಟೆಡ್ ಪಿಲ್: ಸಕ್ಕರೆ ಲೇಪಿಸಿದ ಗುಳಿಗೆ.
ಉಡುಪಿ-ಬಾರ್ನ್ ಡಾಕ್ಟರ್: ಉಡುಪಿಯಲ್ಲಿ ಹುಟ್ಟಿದ ಡಾಕ್ಟರು.
ಮಾತ್-ಈಟನ್ ಸ್ಯಾರಿ: ಹುಳ ತಿಂದ ಸೀರೆ. ಇಲ್ಲಿ ಮೊದಲ ಪದ ಕೆಲಸ ಮಾಡಿದ ಹುಳವೇ.

ಎರಡು ಷರತ್ತು. ಮೊದಲನೆಯದು ಸಣ್ಣದು: ಮೊದಲ ಪದ ಸಾಮಾನ್ಯವಾಗಿ ಏಕವಚನದಲ್ಲೇ ಇರುತ್ತದೆ. ಎರಡು ಕೈ ಬಳಸಿ ಮಾಡಿದರೂ "ಹ್ಯಾಂಡ್ಸ್‌ಮೇಡ್" ಆಗುವುದಿಲ್ಲ.

ಎರಡನೆಯದು ದೊಡ್ಡದು. ಕ್ರಿಯೆಯ ಕರ್ಮ ಈ ಮೊದಲ ಜಾಗಕ್ಕೆ ಬರುವಂತಿಲ್ಲ. ಮೀನು ತಿಂದ ಬೆಕ್ಕು ಅಂತ "ಫಿಶ್-ಈಟನ್ ಕ್ಯಾಟ್" ಬರೆದರೆ, ಮೀನೇ ಬೆಕ್ಕನ್ನು ತಿಂದಿದೆ. ಮಸಾಲೆ ಕಡೆದ ಕಲ್ಲಿಗೆ "ಮಸಾಲಾ-ಗ್ರೌಂಡ್ ಸ್ಟೋನ್" ಅಂದರೆ, ಮಸಾಲೆಯೇ ಕಲ್ಲನ್ನು ಅರೆದು ಪುಡಿಮಾಡಿದೆ. ಕರ್ಮ ಮೊದಲು ಬರಬೇಕಾದರೆ ಐ-ಎನ್-ಜಿ ರೂಪ ಹಿಡಿಯಿರಿ: "ಫಿಶ್-ಈಟಿಂಗ್ ಕ್ಯಾಟ್", "ಮಸಾಲಾ-ಗ್ರೈಂಡಿಂಗ್ ಸ್ಟೋನ್". ಕನ್ನಡದಲ್ಲೂ ಮೀನು ತಿನ್ನುವ ಬೆಕ್ಕು, ಮಸಾಲೆ ಕಡೆಯುವ ಕಲ್ಲು ಅಂತ ಆಗುತ್ತದೆ, ಸರಿಹೋಗುತ್ತದೆ.

ಹೆಜ್ಜೆ 5: ವಿಶೇಷಣ + ಮೂರನೇ ರೂಪ

ಮೊಟ್ಟೆಯಿಂದ ಶುರುಮಾಡೋಣ. "ಹಾರ್ಡ್-ಬಾಯ್ಲ್ಡ್ ಎಗ್" ಅಂದರೆ ಒಳಗೆಲ್ಲ ಗಟ್ಟಿಯಾಗುವವರೆಗೆ ಬೇಯಿಸಿದ್ದು. "ಸಾಫ್ಟ್-ಬಾಯ್ಲ್ಡ್" ಅಂದರೆ ಹಳದಿ ಭಾಗ ಇನ್ನೂ ಮೆತ್ತಗಿರುವಂತೆ ಬೇಯಿಸಿದ್ದು. ಇಲ್ಲಿ ವಿಶೇಷಣ ಹೇಳುವುದು ಕೆಲಸದ ಫಲಿತಾಂಶವನ್ನು. ಹಾರ್ಡ್ ಅಂದರೆ ಕಷ್ಟಪಟ್ಟು ಬೇಯಿಸಿದ್ದು ಅಂತ ಅಲ್ಲ.

ಹೇಗೆ ಮಾಡಿದ್ದು ಅಂತ ಹೇಳಬೇಕಾದರೆ ಎಲ್-ವೈ ಹಚ್ಚಿದ ಪದ ಬರುತ್ತದೆ: "ಫ್ರೆಶ್ಲಿ ಗ್ರೌಂಡ್ ಪೆಪ್ಪರ್", "ನ್ಯೂಲಿ ಬಿಲ್ಟ್ ಹೌಸ್". ಇಲ್ಲಿ ನಡುವೆ ಅಡ್ಡಗೆರೆ ಬೇಡ. ವೆಲ್ ಬಂದರೆ ಬೇಕು, ಅದೂ ನಾಮಪದಕ್ಕಿಂತ ಮೊದಲು ಬಂದಾಗ ಮಾತ್ರ: "ಎ ವೆಲ್-ನೋನ್ ಸಿಂಗರ್". ವಾಕ್ಯದ ಕೊನೆಗೆ ಹೋದರೆ ಗೆರೆ ಕಳಚಿಕೊಳ್ಳುತ್ತದೆ: "ದಿ ಸಿಂಗರ್ ಈಸ್ ವೆಲ್ ನೋನ್". ಅಡ್ಡಗೆರೆ ತಪ್ಪಿದರೆ ಯಾರೂ ಸಾಯುವುದಿಲ್ಲ. ಬಯೋಡೇಟಾದಲ್ಲಿ ಸರಿ ಇದ್ದರೆ ನೋಡಲು ಚಂದ.

ಇನ್ನು ಹೆಜ್ಜೆ 2ರ ನಿಯಮಕ್ಕೆ ಸೊಪ್ಪು ಹಾಕದ ಕೆಲವರಿದ್ದಾರೆ. "ಸಾಫ್ಟ್-ಸ್ಪೋಕನ್ ಮ್ಯಾನ್". ಆ ಮನುಷ್ಯನನ್ನು ಯಾರೂ ಮಾತಾಡಲಿಲ್ಲ, ಅವನೇ ಮೆತ್ತಗೆ ಮಾತಾಡುವವನು. "ವೆಲ್-ರೆಡ್ ವುಮನ್" ಚೆನ್ನಾಗಿ ಓದಿಕೊಂಡವಳು. "ವೆಲ್-ಟ್ರಾವೆಲ್ಡ್", "ವೆಲ್-ಬಿಹೇವ್ಡ್" ಕೂಡ ಹೀಗೇ. ಇವು ಬೆರಳೆಣಿಕೆಯಷ್ಟು. ಬಾಯಿಪಾಠ ಮಾಡಿ, ಇವನ್ನು ನೋಡಿ ಹೊಸದು ಹುಟ್ಟಿಸಲು ಹೋಗಬೇಡಿ.

ಹೆಜ್ಜೆ 6: ಮೂರನೇ ರೂಪದ ವೇಷ ಹಾಕಿದ ಪದಗಳು

19ನೇ ಶತಮಾನದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಊರ ತುಂಬ ಕೆಂಪು ಹಂಚಿನ ಮಾಡು ಬಂತು. ಕೆಂಪು ಮಾಡಿನ ಮನೆಗೆ ಇಂಗ್ಲಿಷಿನಲ್ಲಿ "ರೆಡ್-ರೂಫ್ಟ್ ಹೌಸ್". ಈ "ರೂಫ್ಟ್"ನಲ್ಲಿ ಇ-ಡಿ ಇದೆ, ಆದರೆ ಯಾರೂ ಏನೂ ಕೆಲಸ ಮಾಡಿದ ಅರ್ಥ ಇಲ್ಲ. ಕೆಂಪು ಮಾಡು ಉಳ್ಳದ್ದು, ಅಷ್ಟೆ. ನಮ್ಮ ಬಹುವ್ರೀಹಿ ಸಮಾಸವೇ. ಮುಕ್ಕಣ್ಣನಿಗೆ "ತ್ರೀ-ಐಡ್". ಉದ್ದ ಕೂದಲಿನವಳು "ಲಾಂಗ್-ಹೇರ್ಡ್". ವಿಶಾಲ ಮನಸ್ಸಿನವನು "ಬ್ರಾಡ್-ಮೈಂಡೆಡ್". ಮ್ಯಾಟ್ರಿಮೋನಿ ಜಾಹೀರಾತಿನಲ್ಲಿ "ಬ್ರಾಡ್ ಮೈಂಡ್ ಬಾಯ್" ಅಂತ ನೋಡಿ ನೋಡಿ ಸಾಕಾಗಿದೆ.

ಹೀಗೆ ನಾಮಪದಕ್ಕೆ ಇ-ಡಿ ಹಚ್ಚುವುದು ಕೆಲವು ಇಂಗ್ಲಿಷರಿಗೂ ಸರಿಬಂದಿರಲಿಲ್ಲ. ಕವಿ ಕೋಲ್ರಿಜ್ 1832ರಲ್ಲಿ "ಟ್ಯಾಲೆಂಟೆಡ್" ಪದದ ಮೇಲೆ ಹರಿಹಾಯ್ದಿದ್ದ. ಹೀಗೇ ಬಿಟ್ಟರೆ ನಾಳೆ ಶಿಲ್ಲಿಂಗ್ ನಾಣ್ಯಕ್ಕೂ ಇ-ಡಿ ಹಚ್ಚುತ್ತಾರೆ ಅನ್ನುವುದು ಅವನ ಸಿಟ್ಟು. ಪದ ಮಾತ್ರ ಗಟ್ಟಿಯಾಗಿ ನಿಂತಿತು.

ಹೆಜ್ಜೆ 7: ಇ-ಡಿ ಬೇಕೋ, ಐ-ಎನ್-ಜಿ ಬೇಕೋ?

ನನಗೆ ಬೇಜಾರಾಗಿದೆ ಅನ್ನಲು ಹೋಗಿ "ಐ ಆಮ್ ಬೋರಿಂಗ್", ಅಂದರೆ ಬೇಜಾರು ಹುಟ್ಟಿಸುವವನೇ ನಾನು, ಅಂದವರ ಜೋಕು ಹಳೆಯದು. ನೀರಿನ ಉದಾಹರಣೆ ಸಾಕು. "ಬಾಯ್ಲ್ಡ್ ವಾಟರ್" ಕುದಿಸಿದ ನೀರು, ಆರಿದಮೇಲೆ ಮಗುವಿಗೂ ಕುಡಿಸಬಹುದು. "ಬಾಯ್ಲಿಂಗ್ ವಾಟರ್" ಕುದಿಯುತ್ತಿರುವ ನೀರು. ಹೋಟೆಲಿನಲ್ಲಿ ಮಾಣಿಯ ಹತ್ತಿರ ಯಾವುದನ್ನು ಕೇಳುತ್ತೀರಿ ಅನ್ನುವುದರ ಮೇಲೆ ನಿಮ್ಮ ನಾಲಿಗೆಯ ಭವಿಷ್ಯ ನಿಂತಿದೆ.

ಇನ್ನು ಬಾಕಿ ಉಳಿದದ್ದು ಯಜಮಾನರ "ಬಾಯ್ಲ್ಡ್ ರೈಸ್". ವ್ಯಾಕರಣ ಸರಿ ಅಂತ ಹಾಗೇ ಬಿಟ್ಟಿದ್ದೆ. ಅವರೇ ಕಥೆ ತೆಗೆದರು. ಡೆಲ್ಲಿಯಿಂದ ಬಂದ ಗಿರಾಕಿಯೊಬ್ಬರು ಹಳೇ ಮೆನು ನೋಡಿ, "ಬೇಯಿಸದ ಅನ್ನವೂ ಇದೆಯಾ ನಿಮ್ಮಲ್ಲಿ?" ಅಂತ ಕೇಳಿದ್ದರಂತೆ. ಪ್ರಶ್ನೆ ನ್ಯಾಯವಾದದ್ದೇ. ಮೇಡ್ ಬ್ಯಾಗ್ ಅಂದ ಹಾಗೇ ಆಯಿತಲ್ಲ. ಆದರೆ ನಮ್ಮಲ್ಲಿ ಬಾಯ್ಲ್ಡ್ ರೈಸ್ ಅಂದರೆ ಕುಚ್ಚಲಕ್ಕಿ. ಭತ್ತವನ್ನೇ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕಿದ್ದು. ಬೇಯಿಸಿದ್ದು ಅನ್ನವನ್ನಲ್ಲ, ಭತ್ತವನ್ನು. ಬೆಳ್ತಿಗೆಗೆ, ಅಂದರೆ ಬಿಳಿ ಅಕ್ಕಿಗೆ, ಆ ಸಂಸ್ಕಾರ ಇಲ್ಲ. ಹೊರಗಿನವರಿಗೆ ಅರ್ಥವಾಗಬೇಕಾದರೆ "ಪಾರ್‌ಬಾಯ್ಲ್ಡ್ ರೈಸ್". ತಮಾಷೆ ಅಂದರೆ ಈ ಪದದ ಮೂಲ ಫ್ರೆಂಚಿನಲ್ಲಿ ಪಾರ್ ಅಂದರೆ ಪೂರ್ತಿಯಾಗಿ ಅಂತ. ಇಂಗ್ಲಿಷಿಗೆ ಬಂದಮೇಲೆ ಅದನ್ನು ಪಾರ್ಟ್ ಅಂತ ತಪ್ಪು ತಿಳಿದು, ಅರೆಬರೆ ಬೇಯಿಸಿದ್ದು ಅಂತ ಅರ್ಥ ಮಾಡಿಕೊಂಡರು.

"ಬಾಯ್ಲ್ಡ್ ರೈಸ್ ಅಂತಲೇ ಇರಲಿ. ಕೇಳಿದವರಿಗೆ ನಾನು ಹೇಳ್ತೇನೆ," ಅಂದರು ಯಜಮಾನರು. ಹಾಗೇ ಇಟ್ಟೆ. ಕೊನೆಗೆ ಅಚ್ಚಾದದ್ದು: ಫ್ರೈಡ್ ಫಿಶ್. ಬಾಯ್ಲ್ಡ್ ಎಗ್. ಸ್ಟೋನ್-ಗ್ರೌಂಡ್ ಮಸಾಲಾ ಕರಿ. ಫ್ರೆಶ್ಲಿ ಕಾಟ್ ಫಿಶ್. ಚಿಕನ್ ಘೀ ರೋಸ್ಟ್. ಬಾಯ್ಲ್ಡ್ ರೈಸ್.

ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಬಂದರು. ಬಾಗಿಲಿಗೆ ತೂಗುಹಾಕುವ ಬೋರ್ಡು ಬೇಕಿತ್ತಂತೆ, ಒಂದು ಬದಿ ಓಪನ್, ಇನ್ನೊಂದು ಬದಿ ಕ್ಲೋಸ್. ಓಪನ್ ಅನ್ನುವುದು ಕ್ರಿಯಾಪದವೂ ಹೌದು, ತೆರೆದಿರುವ ಅನ್ನುವ ವಿಶೇಷಣವೂ ಹೌದು, ಹಾಗಾಗಿ ಅದಕ್ಕೆ ಇ-ಡಿ ಬೇಡ ಅಂದೆ. ಕ್ಲೋಸ್ ವಿಶೇಷಣವಾದರೆ ಹತ್ತಿರ ಅಂತ ಅರ್ಥ, ಮುಚ್ಚಿದೆ ಅನ್ನಲು ಕ್ಲೋಸ್ಡ್ ಅಂತಲೇ ಬರೆಯಬೇಕು ಅಂದೆ. ಒಂದು ಬದಿಗೆ ಬೇಡ, ಇನ್ನೊಂದು ಬದಿಗೆ ಬೇಕು.

ಸ್ವಲ್ಪ ಹೊತ್ತು ಯೋಚಿಸಿದರು. "ಅಕ್ಷರ ಜಾಸ್ತಿಯಾದರೂ ರೇಟು ಅದೇ ಅಲ್ವಾ?" ಅಂದರು.